ಬೇರೆ ಪಂಕ್ತಿಯೋ, ಪಂಕ್ತಿಭೇದವೋ?

ಚಲಚ್ಚಿತ್ರಗಳಿಗೆ ಪ್ರಶಸ್ತಿ ನೀಡುವಾಗ ಅನಿಮೇಷನ್ ಚಿತ್ರಗಳಿಗೆ, ಎಂದರೆ ನಟನಟಿಯರಿಲ್ಲದೆ ರೇಖೆ ಬಣ್ಣಗಳಿಂದಲೋ ಗಣಕಯಂತ್ರದ ನೆರವಿನಿಂದಲೋ ಜೀವ ತುಂಬಿದ ಚಿತ್ರಗಳಿಗೆ, ಪ್ರತ್ಯೇಕ ವಿಭಾಗವಿರಬೇಕೆ ಬೇಡವೆ ಎಂಬ ಪ್ರಶ್ನೆ ಮೇಲುನೋಟಕ್ಕೆ ಮುಂಬಯಿ ಹೈದರಾಬಾದುಗಳ ಸಿನಿಮಾ ಮಂದಿಯ ತಲೆನೋವೆಂದು ತೋರಬಹುದು. ಆದೋನಿ ಸೀಮೆಯ ಉಪಾಧ್ಯಾಯರಿಗೆ ಅದರ ಗೊಡವೆ ಏಕೆಂದು ವಾಚಕರು ಕೇಳಿದರೆ ತಪ್ಪಲ್ಲ. ಆದರೆ ಈ ಪ್ರಶ್ನೆಯ ತಿರುಳು ಸಿನಿಮಾದ್ದಲ್ಲ, ನ್ಯಾಯದ್ದು. ಊಟದ ಮನೆಯಲ್ಲಿ ಒಬ್ಬನಿಗೆ ಬೇರೆ ಪಂಕ್ತಿಯಲ್ಲಿ ಎಲೆ ಹಾಕಿದರೆ ಅದು ಅವನ ಪಥ್ಯಕ್ಕೆಂದು ಮಾಡಿದ ಉಪಚಾರವಾಗಿರಬಹುದು. ದೊಡ್ಡ ಪಂಕ್ತಿಗೆ ಅವನು ಬರಬಾರದೆಂದು ಮಾಡಿದ ಏರ್ಪಾಡೂ ಆಗಿರಬಹುದು. ಎಲೆ ಒಂದೇ, ಬಡಿಸಿದ ಅನ್ನವೂ ಒಂದೇ. ಇದು ಉಪಚಾರ, ಇದು ಪಂಕ್ತಿಭೇದ ಎಂದು ಗುರುತಿಸುವುದು ಹೇಗೆ?

ಮೊದಲು ಕೆಲಸದ ಸ್ವರೂಪವನ್ನು ನೋಡೋಣ. ಕ್ಯಾಮರಾದ ಮುಂದೆ ನಟ ನಿಂತಾಗ ಅವನ ಕಣ್ಣಿನ ಹೊಳಪು, ಗಾಳಿಗೆ ಅಲುಗಿದ ಉತ್ತರೀಯ, ಹಿಂದೆ ಹಾರಿಹೋದ ಕಾಗೆ, ಇವೆಲ್ಲ ಕೇಳದೆಯೇ ದೊರೆತ ವರಗಳು. ಅನಿಮೇಷನ್ ಚಿತ್ರದಲ್ಲಿ ಪುಕ್ಕಟೆಯಾಗಿ ದೊರೆಯುವುದು ಏನೂ ಇಲ್ಲ. ಕಾಗೆ ಬೇಕಾದರೆ ಕಾಗೆಯನ್ನು ಬರೆಯಬೇಕು. ಅದು ಹಾರಬೇಕಾದರೆ ರೆಕ್ಕೆಯ ಒಂದೊಂದು ಬಡಿತವನ್ನೂ ಬರೆಯಬೇಕು. ತೆರೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳು ಹಾದುಹೋಗುತ್ತವೆ. ತೊಂಬತ್ತು ನಿಮಿಷಕ್ಕೆ ಲೆಕ್ಕ ಹಾಕಿದರೆ 1,29,600 ಆಯಿತು (ಐದನೆಯ ತರಗತಿಗೆ ಒಳ್ಳೆಯ ಗುಣಾಕಾರದ ಲೆಕ್ಕ). ಒಂದೊಂದು ಚಿತ್ರವನ್ನು ಎರಡೆರಡು ಬಾರಿ ತೋರಿಸುವ ರೂಢಿಯಿಂದ ಶ್ರಮ ಅರ್ಧಕ್ಕೆ ಇಳಿದರೂ 64,800 ಉಳಿಯಿತು. ಗಣಕಯಂತ್ರ ಬಂದ ಮೇಲೆ ಈ ಶ್ರಮ ರೂಪ ಬದಲಿಸಿದೆ, ಇಲ್ಲವಾಗಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಮನಗಾಣಿಸಲು ತೊಗಲುಗೊಂಬೆಯಾಟವೊಂದೇ ಸಾಕು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಂಗನಟರೂ ಆಗಿದ್ದರು, ತೊಗಲುಗೊಂಬೆಯ ಕಲಾವಿದರೂ ಆಗಿದ್ದರು. 2023ರಲ್ಲಿ ತೀರಿಕೊಂಡ ಆ ಹಿರಿಯರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ 2011ರ ಪ್ರಶಸ್ತಿ ಸಂದದ್ದು ಗೊಂಬೆಯಾಟಕ್ಕೆ. ಅವರನ್ನು ನಟರ ಸಾಲಿನಲ್ಲಿ ಎಣಿಸದೆ ಗೊಂಬೆಯವರ ಸಾಲಿನಲ್ಲಿ ಎಣಿಸಿದ್ದು ಅವಮಾನವೆ? ನಮಗೆ ಹಾಗೆ ತೋರುವುದಿಲ್ಲ. ದೀಪಕ್ಕೂ ಪರದೆಗೂ ನಡುವೆ ಒಣಗಿದ ತೊಗಲನ್ನು ಹಿಡಿದು ಅದರಿಂದ ಹನುಮಂತನನ್ನು ಹಾರಿಸುವ ಕೈಯನ್ನು, ಮೈಯಿಂದ ಅಭಿನಯಿಸುವವರ ಅಳತೆಗೋಲಿನಿಂದ ಅಳೆಯಲು ಬರುವುದಿಲ್ಲ. ಹಾಗೆಂದು ಆ ಕೈ ಎಂದೆಂದಿಗೂ ಗೊಂಬೆಯ ಸಾಲಿನಲ್ಲೇ ಉಳಿಯಬೇಕಾಗಿಲ್ಲ. ಪದ್ಮ ಪ್ರಶಸ್ತಿಗಳ ಪಟ್ಟಿಯಲ್ಲಿ 'ಕಲೆ' ಎಂಬ ಒಂದೇ ಶೀರ್ಷಿಕೆ ಇದೆ. ಅದರಡಿಯಲ್ಲಿ 2020ರಲ್ಲಿ ನಿಮ್ಮಲಕುಂಟೆಯ ದಳವಾಯಿ ಚಲಪತಿರಾಯರ ಹೆಸರು ಬಂದಿತು. 2025ರಲ್ಲಿ ನಟ ಅನಂತನಾಗರಿಗೆ ಪದ್ಮಭೂಷಣ ದೊರೆತ ಪಟ್ಟಿಯಲ್ಲೇ ಕೊಪ್ಪಳ ಜಿಲ್ಲೆಯ ಮೋರನಾಳದ ವೃದ್ಧೆ ಭೀಮವ್ವ ಶಿಳ್ಳೇಕ್ಯಾತರಿಗೆ ಪದ್ಮಶ್ರೀ ದೊರೆಯಿತು. ಒಂದು ಕಡೆ ಬೇರೆ ಸಾಲು, ಇನ್ನೊಂದು ಕಡೆ ಒಂದೇ ಸಾಲು. ಎರಡೂ ಒಟ್ಟಿಗೆ ಇರಬಲ್ಲವು, ಇದ್ದರೇ ಚೆನ್ನ.

ಆದೋನಿಯ ಮಾರುಕಟ್ಟೆಯ ಅಂಗಳಕ್ಕೆ ಹೋದವರು ಇದನ್ನು ಕಂಡೇ ಇರುತ್ತಾರೆ. ಹತ್ತಿಯ ಗುಣವನ್ನು ಎಳೆ ಜಗ್ಗಿ ನೋಡುತ್ತಾರೆ, ಶೇಂಗಾದ ಗುಣವನ್ನು ಸಿಪ್ಪೆ ಒಡೆದು ನೋಡುತ್ತಾರೆ. ಪರೀಕ್ಷೆ ಬೇರೆಬೇರೆ, ಕ್ವಿಂಟಲು ಮಾತ್ರ ಎರಡಕ್ಕೂ ಒಂದೇ.

ಈ ವಿವೇಕ ಸಿನಿಮಾ ಪ್ರಶಸ್ತಿಗಳಲ್ಲಿ ಎಷ್ಟರಮಟ್ಟಿಗೆ ನಡೆದಿದೆ? ಅಮೆರಿಕದ ಉದಾಹರಣೆಯಿಂದ ಆರಂಭಿಸಬಹುದು. ವಾಲ್ಟ್ ಡಿಸ್ನಿಯ 'ಸ್ನೋ ವೈಟ್' 1937ರಲ್ಲಿ ಬಂದಿತು. ಶ್ರೇಷ್ಠ ಚಿತ್ರದ ಸ್ಪರ್ಧೆಯ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. 1939ರಲ್ಲಿ ಡಿಸ್ನಿಗೆ ಒಂದು ಗೌರವ ಪ್ರಶಸ್ತಿ ಕೊಟ್ಟರು: ಒಂದು ದೊಡ್ಡ ಆಸ್ಕರ್ ಪ್ರತಿಮೆ, ಜೊತೆಗೆ ಏಳು ಕುಳ್ಳರ ಲೆಕ್ಕಕ್ಕೆ ಏಳು ಪುಟ್ಟ ಪ್ರತಿಮೆಗಳು. ನೋಡಲು ಸೊಗಸಾದ ಉಡುಗೊರೆಯೇ ಸರಿ. ಆದರೆ ಅದರಲ್ಲಿ ಮಗುವಿನ ತಲೆ ಸವರಿದ ಭಾವ ಎದ್ದು ಕಾಣುತ್ತದೆ. ಶಾಲೆಯಲ್ಲಿ 'ಸಮಾಧಾನಕರ ಬಹುಮಾನ' ಹಂಚಿದವರಿಗೆ ಆ ಭಾವ ಅಪರಿಚಿತವಲ್ಲ. ಶ್ರೇಷ್ಠ ಚಿತ್ರದ ಸ್ಪರ್ಧೆಗೆ ಅನಿಮೇಷನ್ ಚಿತ್ರವೊಂದು ಸೇರಲು 1992ರವರೆಗೆ ಕಾಯಬೇಕಾಯಿತು; ಅದು 'ಬ್ಯೂಟಿ ಅಂಡ್ ದ ಬೀಸ್ಟ್', ಗೆಲ್ಲಲಿಲ್ಲ. 2002ರಲ್ಲಿ ಅನಿಮೇಷನ್ ಚಿತ್ರಗಳಿಗೆ ಪ್ರತ್ಯೇಕ ಆಸ್ಕರ್ ಆರಂಭವಾಯಿತು. ಅಲ್ಲಿಂದ 2025ರವರೆಗೆ ದೊಡ್ಡ ಪಟ್ಟಿಗೆ ಬಂದ ಅಂತಹ ಚಿತ್ರಗಳು ಎರಡೇ, 'ಅಪ್' ಮತ್ತು 'ಟಾಯ್ ಸ್ಟೋರಿ 3'; ಅದೂ ಪಟ್ಟಿಯನ್ನು ಐದರಿಂದ ಹತ್ತಕ್ಕೆ ಹಿಗ್ಗಿಸಿದ ಮೇಲೆ. ನಿಯಮ ಯಾರನ್ನೂ ತಡೆದಿಲ್ಲ. ಆದರೆ 'ಅವರಿಗೆ ಅವರದೇ ಬಹುಮಾನವಿದೆಯಲ್ಲ' ಎಂಬ ನೆಪ ನಿಯಮಕ್ಕಿಂತ ಬಲವಾದದ್ದು. ಇದಕ್ಕೆ ಎದುರಾದ ಉದಾಹರಣೆಯೂ ಉಂಟು. ಜಪಾನಿನ ಹಯಾವೊ ಮಿಯಾಜಾಕಿಯವರ 'ಸ್ಪಿರಿಟೆಡ್ ಅವೇ' 2002ರ ಬರ್ಲಿನ್ ಚಿತ್ರೋತ್ಸವದಲ್ಲಿ ನಟರ ಚಿತ್ರಗಳ ಜೊತೆಯಲ್ಲೇ ಸ್ಪರ್ಧಿಸಿ ಅತ್ಯುನ್ನತ ಪ್ರಶಸ್ತಿಯಾದ ಚಿನ್ನದ ಕರಡಿಯನ್ನು ಇನ್ನೊಂದು ಚಿತ್ರದೊಂದಿಗೆ ಹಂಚಿಕೊಂಡಿತು; ಮರುವರ್ಷ ಅನಿಮೇಷನ್ ವಿಭಾಗದ ಆಸ್ಕರನ್ನೂ ಪಡೆಯಿತು. ಎರಡು ಪಂಕ್ತಿಯಲ್ಲಿ ಉಂಡರೂ ಅಜೀರ್ಣವಾಗಲಿಲ್ಲ.

ನಮ್ಮ ದೇಶದ ಸ್ಥಿತಿ ಇನ್ನೊಂದು ಬಗೆಯದು. ರಾಷ್ಟ್ರೀಯ ಪ್ರಶಸ್ತಿಗಳಲ್ಲಿ 2006ರ ಸಾಲಿನ ಶ್ರೇಷ್ಠ ಅನಿಮೇಷನ್ ಚಿತ್ರವೆಂಬ ಗೌರವ ಬಿ. ಸತ್ಯ ಅವರು ನಿರ್ದೇಶಿಸಿದ 'ಕಿಟ್ಟು' ಎಂಬ ತೆಲುಗು ಚಿತ್ರಕ್ಕೆ ದೊರೆಯಿತು. ಮುಂದೆ 'ರೋಡ್‌ಸೈಡ್ ರೋಮಿಯೊ', 'ಡೆಲ್ಲಿ ಸಫಾರಿ'ಗಳಿಗೂ ಆ ಗೌರವ ಬಂದಿತು. ಎಷ್ಟೋ ವರ್ಷ ಯಾರಿಗೂ ಕೊಡಲಿಲ್ಲ. ಇದನ್ನು ಕೆಲವರು ದೋಷವೆನ್ನುವರು. ನಾವು ಹಾಗೆನ್ನೆವು. ಒಬ್ಬನೇ ಓಡಿದ ಓಟಕ್ಕೆ ಪದಕ ಕೊಡದಿರುವುದು ಪದಕಕ್ಕೆ ಮಾಡಿದ ಮರ್ಯಾದೆ.

ನಮಗೆ ಒಪ್ಪಿಗೆಯಾಗದ್ದು ಅನಂತರದ ಬದಲಾವಣೆ. 2024ರಲ್ಲಿ ಪ್ರಕಟವಾದ 70ನೆಯ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ ಎಂಬ ನಾಲ್ಕನ್ನು ಒಂದೇ ಬುಟ್ಟಿಗೆ ಹಾಕಿದರು. ಆ ವರ್ಷ ಅದು ಹಿಂದಿಯ 'ಬ್ರಹ್ಮಾಸ್ತ್ರ'ಕ್ಕೆ, 2025ರಲ್ಲಿ ತೆಲುಗಿನ 'ಹನುಮಾನ್'ಗೆ ದೊರೆಯಿತು. ಎರಡೂ ನಟರು ಅಭಿನಯಿಸಿದ ಚಿತ್ರಗಳು. ಯಂತ್ರದಿಂದ ಮಾಡಿದ ಅದ್ಭುತಗಳು ಅವುಗಳಲ್ಲಿ ಹೇರಳವಾಗಿವೆ. ಆ ಕುಶಲಿಗಳ ಶ್ರಮವನ್ನು ನಾವು ಹಳಿಯುತ್ತಿಲ್ಲ. ಕಿರುಚಿತ್ರಗಳ ವಿಭಾಗದಲ್ಲಿ ಜೋಶಿ ಬೆನೆಡಿಕ್ಟರ 'ಎ ಕೋಕನಟ್ ಟ್ರೀ'ಗೆ ಅನಿಮೇಷನ್ ಪ್ರಶಸ್ತಿ ದೊರೆತುದನ್ನೂ ಮರೆತಿಲ್ಲ. ಆದರೆ ಪೂರ್ಣಪ್ರಮಾಣದ ಚಿತ್ರವನ್ನು ಬರೆದು ನಡೆಸುವವರಿಗೆಂದು ಹಾಕಿದ ಪಂಕ್ತಿಯಲ್ಲಿ ದೊಡ್ಡ ಪಂಕ್ತಿಯವರೇ ಬಂದು ಕುಳಿತರೆ ಆ ಪಂಕ್ತಿ ಹಾಕಿದ್ದೇಕೆ? ನಟನ ಮುಖ ಇದ್ದೇ ಇರುವ ಚಿತ್ರಕ್ಕೆ ನಾಲ್ಕು ಬೆಂಕಿಯುಂಡೆ ಸೇರಿಸುವುದೂ, ಇಲ್ಲದ ಮುಖವನ್ನು ಇಲ್ಲದ ನೆಲದ ಮೇಲೆ ಆದ್ಯಂತವಾಗಿ ನಗಿಸಿ ಅಳಿಸುವುದೂ ಒಂದೇ ವಿದ್ಯೆಯಲ್ಲ. 2025ರಲ್ಲಿ 'ಮಹಾವತಾರ ನರಸಿಂಹ' ಕನ್ನಡ ತೆಲುಗುಗಳಲ್ಲಿಯೂ ಬಂದಾಗ ಪ್ರಹ್ಲಾದನನ್ನು ನೋಡಲು ಹೋದ ಜನ ಉಳಿದ ಚಿತ್ರಗಳಿಗೆ ಕೊಟ್ಟಷ್ಟೇ ದುಡ್ಡು ಕೊಟ್ಟು ಟಿಕೆಟು ಕೊಂಡರು. ಇದು ಮಕ್ಕಳಾಟವೆಂಬ ತಾತ್ಸಾರ ಪ್ರೇಕ್ಷಕರಲ್ಲಿ ಇಲ್ಲ.

ಈ ವಿಷಯ ನಮ್ಮನ್ನು ಕಾಡುವುದಕ್ಕೆ ಬೇರೆ ಕಾರಣವೂ ಉಂಟು. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಉಳಿದವು. ಅಂದಿನಿಂದ ಇಲ್ಲಿಯ ಕನ್ನಡ ಮಾಧ್ಯಮದ ಮಕ್ಕಳು ಬೇರೆ ಪಂಕ್ತಿಯವರೇ. ಕನ್ನಡದ ಪಠ್ಯಪುಸ್ತಕ, ಕನ್ನಡದ ಪ್ರಶ್ನಪತ್ರಿಕೆ, ಕನ್ನಡ ಬಲ್ಲ ಪರೀಕ್ಷಕರು, ಇವು ಬೇಕೇ ಬೇಕು. ಅವನ್ನು ಬಿಟ್ಟುಕೊಟ್ಟರೆ ಮಕ್ಕಳಿಗೆ ಅನ್ಯಾಯವಾಗುತ್ತದೆ. ಆದರೆ ಗಣಿತದಲ್ಲಿ ಮಂಡಲಕ್ಕೆಲ್ಲ ಮೊದಲಿಗಳಾದ ಹುಡುಗಿಗೆ 'ಕನ್ನಡ ಮಾಧ್ಯಮದಲ್ಲಿ ಪ್ರಥಮ' ಎಂದಷ್ಟೇ ಬರೆದ ಪ್ರಮಾಣಪತ್ರ ಕೊಟ್ಟು ಕಳುಹಿಸಿದರೆ ಅವಳು ಏನೆಂದು ತಿಳಿಯಬೇಕು? ಪತ್ರದಲ್ಲಿ ಬರೆದುದು ಸುಳ್ಳಲ್ಲ, ಬರೆಯದೆ ಬಿಟ್ಟುದರಲ್ಲಿ ಅನ್ಯಾಯವಿದೆ. ಅನಿಮೇಷನ್ ಚಿತ್ರಕ್ಕೆ ಅದರದೇ ವಿಭಾಗ ಇರತಕ್ಕದ್ದು, ಅದು ಬೆರಕೆಯಿಲ್ಲದೆ ಇರತಕ್ಕದ್ದು, ಅಷ್ಟಾದರೂ ಶ್ರೇಷ್ಠ ಚಿತ್ರದ ಆಯ್ಕೆಯ ಹೊತ್ತಿಗೆ ಅದನ್ನು ಮತ್ತೊಮ್ಮೆ ಹೆಸರು ಹಿಡಿದು ಕರೆಯತಕ್ಕದ್ದು ಎಂದು ನಾವು ಹೇಳುವುದು ಈ ಅರ್ಥದಲ್ಲಿ.

ವಿಭಾಗಗಳ ಮಾತು ಬಂದಾಗ 'ಏಕ್ ಅನೇಕ್ ಔರ್ ಏಕತಾ' ಎಂಬ 1974ರ ಕಿರುಚಿತ್ರವನ್ನೂ ನೆನೆಯಬೇಕು. ವಿಜಯಾ ಮುಳೆಯವರು ನಿರ್ದೇಶಿಸಿ, ಭೀಮಸೇನರು ಚಿತ್ರಗಳಿಗೆ ಚಲನೆ ಕೊಟ್ಟ ಏಳೆಂಟು ನಿಮಿಷದ ಚಿತ್ರ ಅದು. ಬಲೆಗೆ ಬಿದ್ದ ಹಕ್ಕಿಗಳು ಒಟ್ಟಾಗಿ ಬಲೆಯನ್ನೇ ಎತ್ತಿಕೊಂಡು ಹಾರುವ ಪಂಚತಂತ್ರದ ಕಥೆಯನ್ನು ಅಕ್ಕ ತಮ್ಮನಿಗೆ ಹೇಳುತ್ತಾಳೆ. ಅದಕ್ಕೆ ರಾಷ್ಟ್ರೀಯ ಪ್ರಶಸ್ತಿ ದೊರೆತದ್ದು ಶ್ರೇಷ್ಠ ಶೈಕ್ಷಣಿಕ ಚಿತ್ರವೆಂದು. ದೂರದರ್ಶನದ ದಿನಗಳಲ್ಲಿ ಬೆಳೆದವರು ಅದನ್ನು ಇನ್ನೂ ಮರೆತಿಲ್ಲ. ಮಾತು ಹಿಂದಿಯದಾದರೂ ಮೂರನೆಯ ತರಗತಿಯ ಮಕ್ಕಳಿಗೆ ಅರ್ಥವಾಗುತ್ತದೆ. ಉಪಾಧ್ಯಾಯ ಮಿತ್ರರು ಒಂದು ಶನಿವಾರ ಮಧ್ಯಾಹ್ನ ಅದನ್ನು ತರಗತಿಯಲ್ಲಿ ತೋರಿಸಿ, ನೀವಾದರೆ ಇದಕ್ಕೆ ಏನೆಂದು ಬರೆದು ಬಹುಮಾನ ಕೊಡುವಿರಿ ಎಂದು ಮಕ್ಕಳನ್ನೇ ಕೇಳಬಹುದು.