ವಾಲಿದ ಭೂಮಿ, ಅಗಸ್ತ್ಯರ ನಕ್ಷತ್ರ

ಕಳಸದಿಂದ ಕುದುರೆಮುಖದ ಘಾಟಿ ಇಳಿದು, ಕಾರ್ಕಳ, ಮೂಡಬಿದಿರೆ ದಾಟಿದರೆ ಮಂಗಳೂರು ಮುಟ್ಟುವ ಮೊದಲೇ ಪಿಲಿಕುಳ ಸಿಗುತ್ತದೆ. ‘ಬಾಲಪ್ರಪಂಚ’ ಬರೆದ ಶಿವರಾಮ ಕಾರಂತರ ಹೆಸರಿನ ಈ ನಿಸರ್ಗಧಾಮದಲ್ಲಿ ವಿಜ್ಞಾನ ಕೇಂದ್ರವಿದೆ. 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯವಿದೆ. ಕಾಫಿ ಸೀಮೆಯ ಮನೆಯೊಂದು ರಜೆಯಲ್ಲಿ ಮಗುವನ್ನು ಅಲ್ಲಿಗೆ ಕರೆತಂದಿದೆ ಎಂದುಕೊಳ್ಳೋಣ. ಗುಮ್ಮಟದ ಕತ್ತಲಲ್ಲಿ ಗ್ರಹಗಳು ತಲೆಯ ಮೇಲೆ ಹಾದುಹೋಗುತ್ತವೆ. ಭೂಮಿ ಸುಮಾರು 23.5 ಡಿಗ್ರಿ ವಾಲಿಕೊಂಡೇ ಸೂರ್ಯನನ್ನು ಸುತ್ತುತ್ತದೆ ಎಂದು ಮಗು ತಿಳಿಯುತ್ತದೆ.

ಹೊರಗೆ ಬರುತ್ತಲೇ ಪ್ರಶ್ನೆ: “ಅಜ್ಜಿ, ಅಗಸ್ತ್ಯರು ಅದನ್ನ ಸರಿ ಮಾಡಿದ್ರಲ್ಲಾ?”

ಕಳಸದ ಮಗು ಇದನ್ನು ಕೇಳದೆ ಬಿಡುವುದಿಲ್ಲ. ಶಿವ ಪಾರ್ವತಿಯರ ಮದುವೆಗೆ ಲೋಕವೆಲ್ಲ ಹಿಮಾಲಯದಲ್ಲಿ ನೆರೆದಾಗ ಭೂಮಿ ಉತ್ತರಕ್ಕೆ ವಾಲಿತಂತೆ. ಅದನ್ನು ಸಮ ಮಾಡಲು ಅಗಸ್ತ್ಯರು ದಕ್ಷಿಣಕ್ಕೆ ಬಂದರು. ಮದುವೆ ತಪ್ಪಿಸಿಕೊಂಡ ಅವರಿಗೆ ಶಿವ ಇಲ್ಲಿಯೇ ಕಲ್ಯಾಣದ ದರ್ಶನ ಕೊಟ್ಟನೆಂಬುದು ಭದ್ರೆಯ ದಡದ ಕಳಸೇಶ್ವರನ ಸ್ಥಳಪುರಾಣ. ಗಿರಿಜಾ ಕಲ್ಯಾಣ ಇಂದಿಗೂ ಆ ಊರಿನ ಹಬ್ಬ.

ದೊಡ್ಡವರ ಬಳಿ ಸುಲಭದ ಉತ್ತರ ಎರಡಿವೆ. “ನಮ್ಮ ಹಿರಿಯರಿಗೆ ಇದೆಲ್ಲ ಆಗಲೇ ಗೊತ್ತಿತ್ತು” ಎನ್ನುವುದು ಒಂದು. “ಅದು ಬರೀ ಕಟ್ಟುಕಥೆ” ಎನ್ನುವುದು ಇನ್ನೊಂದು. ಎರಡೂ ಮಗುವಿನ ಬಾಯಿ ಮುಚ್ಚಿಸುತ್ತವೆ, ಎರಡೂ ತಪ್ಪು.

ಮೊದಲನೆಯದು ಯಾಕೆ ತಪ್ಪೆಂದು ತೋಟವೇ ಹೇಳುತ್ತದೆ. ಕಥೆಯಲ್ಲಿ ಭೂಮಿ ವಾಲಿದ್ದು ಆಪತ್ತು. ಖಗೋಳದಲ್ಲಿ ಹಾಗಲ್ಲ. ಭೂಮಿ ವಾಲಿರುವುದರಿಂದಲೇ ಸೂರ್ಯ ಉತ್ತರಕ್ಕೆ ಸರಿಯುತ್ತಾನೆ, ನೆಲ ಕಾಯುತ್ತದೆ, ಕಡಲ ಗಾಳಿ ಮುಂಗಾರನ್ನು ಹೊತ್ತು ಘಟ್ಟ ಹತ್ತುತ್ತದೆ. ಕಾಫಿ ಮೊಗ್ಗು ಅರಳಿಸುವ ಹೂಮಳೆಯ ಹಿಂದೆಯೂ ಅದೇ ಬೇಸಿಗೆಯ ಕಾವಿದೆ. ಯಾರಾದರೂ ಭೂಮಿಯನ್ನು ನಿಜಕ್ಕೂ ನೆಟ್ಟಗೆ ನಿಲ್ಲಿಸಿದ್ದರೆ ಈ ಋತುಗಳೇ ಇರುತ್ತಿರಲಿಲ್ಲ.

ಹಾಗಾದರೆ ಕಥೆ ಸುಳ್ಳೇ? ಅದು ಭೂಮಿಯ ಅಕ್ಷವನ್ನು ಅಳೆಯಲು ಹುಟ್ಟಿದ್ದಲ್ಲ. ಎಲ್ಲರೂ ಒಂದೇ ಕಡೆ ನುಗ್ಗುವಾಗ, ತನಗೂ ಆಸೆಯಿದ್ದ ಮದುವೆಯನ್ನು ಬಿಟ್ಟು ಇನ್ನೊಂದು ಕಡೆ ಹೋಗಿ ನಿಲ್ಲುವವರು ಯಾರು ಎಂಬುದು ಅದರ ಪ್ರಶ್ನೆ. ಯಾವ ದೂರದರ್ಶಕವೂ ಅದಕ್ಕೆ ಉತ್ತರ ಹುಡುಕುವುದಿಲ್ಲ. ಆ ಪ್ರಶ್ನೆ ಉಳಿಯಬೇಕಾದರೆ ಅಜ್ಜಿ ಕಥೆಯನ್ನು ಕಥೆಯಾಗಿಯೇ ಹೇಳಬೇಕು, ಅಪ್ಪ ಅಕ್ಷವನ್ನು ಅಕ್ಷವೆಂದೇ ವಿವರಿಸಬೇಕು.

ಇವೆರಡನ್ನೂ ಒಟ್ಟಿಗೆ ಕಾಣಲು ಒಂದು ಜಾಗವಿದೆ, ಆಕಾಶದಲ್ಲಿ. ರಾತ್ರಿಯ ನಕ್ಷತ್ರಗಳಲ್ಲಿ ಲುಬ್ಧಕನನ್ನು ಬಿಟ್ಟರೆ ಅತಿ ಪ್ರಕಾಶದ್ದು ಅಗಸ್ತ್ಯ. 1964ರಲ್ಲಿ ಮಂಗಳನತ್ತ ಹೊರಟ ಮ್ಯಾರಿನರ್-4 ನೌಕೆ ದಿಕ್ಕು ತಪ್ಪದಂತೆ ಒಂದು ಕಣ್ಣನ್ನು ಸೂರ್ಯನ ಮೇಲೆ, ಇನ್ನೊಂದನ್ನು ಈ ನಕ್ಷತ್ರದ ಮೇಲೆ ನೆಟ್ಟಿತ್ತು. 1977ರ ವಾಯೇಜರ್ ನೌಕೆಗಳೂ ಅಗಸ್ತ್ಯನನ್ನು ಗುರುತಿಟ್ಟುಕೊಂಡೇ ಸಾಗಿದವು.

ಫೆಬ್ರುವರಿಯ ರಾತ್ರಿ ಒಂಬತ್ತರ ಹೊತ್ತಿಗೆ ಆ ನಕ್ಷತ್ರ ಕಳಸದ ದಕ್ಷಿಣದ ಗುಡ್ಡಗಳ ಮೇಲೆ ನಿಂತಿರುತ್ತದೆ. ಕಾಫಿ ಕಣದಲ್ಲಿ ನಿಂತು ಅಪ್ಪ ಬೆರಳು ತೋರಿಸುತ್ತಾನೆ: ಈಗ ಕಣ್ಣಿಗೆ ಬೀಳುತ್ತಿರುವ ಬೆಳಕು ಕೆಳದಿ ಅರಸರ ಕಾಲದಲ್ಲಿ ಹೊರಟಿದ್ದು, ಇಲ್ಲಿಂದ ಇವತ್ತು ಹೊರಟ ಬೆಳಕಿಗೂ ಅಲ್ಲಿಗೆ ಮುಟ್ಟಲು ಸುಮಾರು 310 ವರ್ಷ ಬೇಕು.

ಮಗು ಅಜ್ಜಿಯ ಕಡೆ ತಿರುಗುತ್ತದೆ. “ಹಾಗಾದ್ರೆ ಈ ವರ್ಷದ ಕಲ್ಯಾಣ ನೋಡೋಕೆ ಅವರು ಅಷ್ಟು ವರ್ಷ ಕಾಯ್ತಾರಾ?”