ನನ್ನ ಪಾಪಕ್ಕೆ ಇನ್ನೊಬ್ಬ ಸಾಯೋದು ನ್ಯಾಯಾನಾ?

ಇವತ್ತಿನ ವಾಕ್ಯಭಾಗ ಯೋಹಾನ 11:45ರಿಂದ 53. ಮೊಬೈಲ್‌ನಲ್ಲಿ ಓದೋರು ನೋಟಿಫಿಕೇಶನ್ ಮಾತ್ರ ಆಫ್ ಮಾಡಿ.

ಹೋದ ವಾರ ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ತಮ್ಮ ಬಂದು ಕೇಳಿದ: "ಬ್ರದರ್, ನಾನು ಮಾಡಿದ ತಪ್ಪಿಗೆ ಇನ್ನೊಬ್ಬನಿಗೆ ಶಿಕ್ಷೆ ಕೊಟ್ರೆ ಯಾವ ಕೋರ್ಟಾದ್ರೂ ಅದನ್ನ ನ್ಯಾಯ ಅನ್ನುತ್ತಾ? ಹಾಗಾದ್ರೆ ಶಿಲುಬೆ ಹೇಗೆ ನ್ಯಾಯ?" ಆಫೀಸಿನಲ್ಲಿ ಫ್ರೆಂಡ್ಸ್ ಕೇಳಿದ್ರಂತೆ. ಮುಖ ನೋಡಿದ್ರೆ ಅದು ಅವನದ್ದೇ ಪ್ರಶ್ನೆ ಅನ್ನಿಸಿತು.

ನಾನು ಥಟ್ಟನೆ ರೈಲ್ವೆ ಸೇತುವೆ ಕಥೆ ಹೇಳಿದೆ. ನೀವೂ ಕೇಳಿರ್ತೀರಿ. ರೈಲು ಬರ್ತಾ ಇದೆ, ಸೇತುವೆ ಕಾಯುವವನ ಮಗ ಯಂತ್ರದೊಳಗೆ ಸಿಕ್ಕಿಕೊಂಡಿದ್ದಾನೆ, ತಂದೆ ಮಗನನ್ನ ಬಿಟ್ಟು ಪ್ರಯಾಣಿಕರನ್ನ ಉಳಿಸ್ತಾನೆ. ಇದೇ ವೇದಿಕೆಯಿಂದ ನಾನು ಮೂರ್ನಾಲ್ಕು ಸಲ ಹೇಳಿದ್ದೀನಿ, ಜನ ಅತ್ತಿದ್ದಾರೆ. ಆ ರಾತ್ರಿ ಮನೆಗೆ ನಡೆದು ಹೋಗುವಾಗ ಹೊಳೆಯಿತು: ಆ ಕಥೆಯಲ್ಲಿ ಮಗನನ್ನ ಯಾರೂ ಕೇಳೋದೇ ಇಲ್ಲ. ಯೋಹಾನ 10:18ರಲ್ಲಿ ಯೇಸು ಹೇಳೋದು ಅದಕ್ಕೆ ಪೂರ್ತಿ ಉಲ್ಟಾ. ನನ್ನ ಪ್ರಾಣ ಯಾರೂ ಕಿತ್ತುಕೊಳ್ಳೋದಲ್ಲ, ನಾನೇ ಕೊಡ್ತೀನಿ ಅಂತಾನೆ. ಇನ್ನು ಮುಂದೆ ಆ ಕಥೆ ಹೇಳೋದಿಲ್ಲ.

ಈಗ ಕಾಯಫನ ಕಡೆ ಬನ್ನಿ. ಜನರೆಲ್ಲ ನಾಶವಾಗೋ ಬದಲು ಒಬ್ಬ ಸಾಯಲಿ, ಅದೇ ಲಾಭ ಅನ್ನೋದು ಅವನ ವಾದ. ಪಕ್ಕಾ ಲೆಕ್ಕ. ಊರುಗಳು ಈ ಲೆಕ್ಕವನ್ನ ಯಾವಾಗಲೂ ಮಾಡ್ತಾ ಬಂದಿವೆ. ನಮ್ಮ ಗವಿಪುರದ ಕೆಂಪಾಂಬುಧಿ ಕೆರೆ ಹತ್ರ ಕೆಂಪೇಗೌಡರ ಗೋಪುರ ನೋಡಿದ್ದೀರಲ್ಲ, ಆ ಕೆಂಪೇಗೌಡರು 1537ರಲ್ಲಿ ಊರು ಕಟ್ಟಿಸಿದ ಕಾಲದ ಒಂದು ಐತಿಹ್ಯ ಇದೆ. ಕೋಟೆಯ ದಕ್ಷಿಣದ ಬಾಗಿಲು ಎಷ್ಟು ಸಲ ಕಟ್ಟಿದ್ರೂ ನಿಲ್ಲಲಿಲ್ಲ, ನರಬಲಿ ಬೇಕು ಅಂದ್ರು, ಗೌಡರು ಒಪ್ಪಲಿಲ್ಲ. ಗರ್ಭಿಣಿ ಸೊಸೆ ಲಕ್ಷ್ಮಮ್ಮ ರಾತ್ರಿ ಯಾರಿಗೂ ಹೇಳದೆ ಹೋಗಿ ಪ್ರಾಣ ಕೊಟ್ಟಳು, ಬಾಗಿಲು ನಿಂತಿತು. ಕೋರಮಂಗಲದಲ್ಲಿ ಆಕೆಯ ಸ್ಮಾರಕ ಇದೆ. ಆ ಹೆಣ್ಣುಮಗಳ ಪ್ರೀತಿಯ ಬಗ್ಗೆ ನನಗೆ ಗೌರವ ಬಿಟ್ಟು ಬೇರೇನಿಲ್ಲ. ನನ್ನ ಪ್ರಶ್ನೆ ಬಲಿ ಕೇಳಿದವನ ಬಗ್ಗೆ. ಅವನಿಗೆ ಏನು ನಷ್ಟ ಆಯ್ತು? ಕಾಯಫನಿಗಾದರೂ ಏನು ಖರ್ಚಾಯ್ತು?

ಆ ತಮ್ಮನ ಆಕ್ಷೇಪಣೆ ಬೈಬಲ್‌ಗೆ ಹೊಸದೇನಲ್ಲ, ಪ್ರಿಯರೇ. ತಂದೆಯ ದೋಷವನ್ನ ಮಗ ಹೊರೋದಿಲ್ಲ, ಪಾಪ ಮಾಡಿದವನೇ ಸಾಯಬೇಕು ಅಂತ ಯೆಹೆಜ್ಕೇಲ 18:20 ಹೇಳುತ್ತೆ. ಯೇಸು ಮೂರನೆಯವನಾಗಿದ್ರೆ, ದೇವರು ಒಂದು ಕಡೆ, ನಾವು ಒಂದು ಕಡೆ, ನಡುವೆ ಸಿಕ್ಕಿಬಿದ್ದ ಒಬ್ಬ ಒಳ್ಳೆಯ ಮನುಷ್ಯ ಅಂತಾಗಿದ್ರೆ, ಶಿಲುಬೆ ಅನ್ಯಾಯವೇ. ಇದನ್ನ ಒಪ್ಪಿಕೊಳ್ಳಲು ನನಗೆ ಭಯ ಇಲ್ಲ.

ಅದಕ್ಕೇ ಯೇಸು ಯಾರು ಅನ್ನೋದು ಮುಖ್ಯ. ಅರಿಯಸ್ ಅನ್ನೋ ಸಭೆಯ ಹಿರಿಯ, ಮಗನು ಸೃಷ್ಟಿಯಲ್ಲೇ ಅತಿ ಶ್ರೇಷ್ಠನು, ಆದರೆ ಸೃಷ್ಟಿಯೇ ಅಂತ ಬೋಧಿಸಿದ. 325ರಲ್ಲಿ ನಿಕೇಯದಲ್ಲಿ ಸೇರಿದ ಸಭಾಧ್ಯಕ್ಷರು ಒಪ್ಪಲಿಲ್ಲ; ಮಗನು ತಂದೆಯ ಸ್ವರೂಪವೇ, ಸೃಷ್ಟಿಯಾದವನಲ್ಲ ಅಂದರು. ಬೈಬಲ್ ಕಾಲೇಜಿನಲ್ಲಿ ಇದನ್ನ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಒಂದು ಪದಕ್ಕೆ ಇಷ್ಟು ಜಗಳಾನಾ ಅನ್ನಿಸ್ತಿತ್ತು. ಅರಿಯಸ್ ಹೇಳಿದ್ದು ನಿಜವಾದ್ರೆ ಶಿಲುಬೆಯಲ್ಲಿ ದೇವರು ಬೇರೆ ಯಾರನ್ನೋ ಬಲಿ ಕೊಟ್ಟ ಹಾಗಾಯ್ತು, ಕೋಟೆ ಬಾಗಿಲಿನ ಕಥೆಯೇ ಇನ್ನೊಂದು ಸಲ. ಪೌಲನು 2 ಕೊರಿಂಥ 5:19ರಲ್ಲಿ ಹೇಳೋದು ಬೇರೆ: ಕ್ರಿಸ್ತನಲ್ಲಿ ದೇವರೇ ಇದ್ದು ಲೋಕವನ್ನ ತನ್ನೊಂದಿಗೆ ಸಮಾಧಾನ ಮಾಡಿಕೊಂಡ. ಅಂದರೆ ಬಾಕಿ ಯಾರಿಗೆ ಕೊಡಬೇಕಿತ್ತೋ ಅವನೇ ಅದನ್ನ ಮೈಮೇಲೆ ಹಾಕಿಕೊಂಡ.

ನಾಲ್ಕು ವರ್ಷದ ಹಿಂದೆ ಒಬ್ಬ ಸ್ನೇಹಿತನಿಗೆ ನಾನು ಕೈಸಾಲ ಕೊಟ್ಟಿದ್ದೆ. ಮನೆ ಅಡ್ವಾನ್ಸ್‌ಗೆ ಎತ್ತಿಟ್ಟಿದ್ದ ದುಡ್ಡು. ಅವನು ಫೋನ್ ಎತ್ತೋದು ನಿಲ್ಲಿಸಿದ. ಕೊನೆಗೆ ಒಂದು ದಿನ ಬಂದು ಅತ್ತ, ನಾನು ಕ್ಷಮಿಸಿದೆ ಅಂದೆ. ಅಂದ ಮಾತ್ರಕ್ಕೆ ಆ ದುಡ್ಡು ಗಾಳಿಯಲ್ಲಿ ಕರಗಲಿಲ್ಲ. ನಾವು ಇನ್ನೂ ಎರಡು ವರ್ಷ ಅದೇ ಸೋರುವ ಮನೆಯಲ್ಲಿದ್ದೆವು. ಕ್ಷಮಿಸುವವನು ಯಾವಾಗಲೂ ಕಟ್ಟುತ್ತಾನೆ. ಇದರಲ್ಲಿ ಅನ್ಯಾಯ ಅನ್ನೋಕೆ ಯಾವ ಕೋರ್ಟಿಗೂ ಅಧಿಕಾರ ಇಲ್ಲ.

ಆದರೆ ದುಡ್ಡು ಬೇರೆ, ಅಪರಾಧ ಬೇರೆ, ಅಂತ ಆ ತಮ್ಮ ಕೇಳೇ ಕೇಳ್ತಾನೆ. ಸರಿ. ಸಾಲ ತೀರಿದ್ರೂ ನನ್ನ ಸ್ನೇಹಿತ ಹಳೇ ಮನುಷ್ಯನಾಗಿಯೇ ಉಳಿಯಬಹುದು. ಅದಕ್ಕೇ ರೋಮಾ 6 ಓದಿ. ಕ್ರಿಸ್ತನು ನನ್ನ ಬದಲಿಗೆ ಸತ್ತ ಅನ್ನೋದರ ಜೊತೆಗೆ, ನಾನೂ ಅವನೊಂದಿಗೆ ಸತ್ತೆ, ಹೂಣಲ್ಪಟ್ಟೆ ಅನ್ನುತ್ತೆ. ನಿಮ್ಮನ್ನ ದೀಕ್ಷಾಸ್ನಾನದಲ್ಲಿ ನೀರೊಳಗೆ ಪೂರ್ತಿ ಮುಳುಗಿಸಿದ್ದು ಯಾಕೆ ಅಂದುಕೊಂಡ್ರಿ? ಪಾಪ ಮಾಡಿದವನು ಸಾಯಬೇಕು ಅಂತ ಯೆಹೆಜ್ಕೇಲ ಹೇಳಿದ್ದು ಅಲ್ಲಿ ರದ್ದಾಗಲಿಲ್ಲ. ಅವನು ಸತ್ತ. ಎದ್ದು ಬಂದವನು ಒಬ್ಬನೇ ಬರಲಿಲ್ಲ.

ಆ ತಮ್ಮ ಇವತ್ತು ಹಿಂದಿನ ಸಾಲಲ್ಲಿ ಕೂತಿದ್ದಾನೆ. ಇನ್ನೂ ಒಪ್ಪದಿದ್ರೆ ಪರವಾಗಿಲ್ಲ, ಟೀ ಕುಡೀತಾ ಮಾತಾಡೋಣ. ಮುಂದಿನ ಭಾನುವಾರಕ್ಕೆ ಎಲ್ಲರೂ ಫಿಲೆಮೋನನಿಗೆ ಬರೆದ ಪತ್ರಿಕೆ ಓದಿಕೊಂಡು ಬನ್ನಿ, ಬರೀ 25 ವಚನ. 18ನೇ ವಚನದಲ್ಲಿ ಪೌಲನು ಒನೇಸಿಮನ ಬಾಕಿಯನ್ನ ಯಾರ ಲೆಕ್ಕಕ್ಕೆ ಹಾಕು ಅಂತಾನೆ ನೋಡಿ. ಈಗ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡೋಣ.