ಬಿಡಬಾರದ್ದು, ಬಿಡಬಹುದಾದದ್ದು

ಸಣ್ಣ ಕೈಗಾರಿಕೆಗಳ ಲೆಕ್ಕಪತ್ರ ನೋಡುವ ಕೆಲಸ ನನ್ನದು. ಹಾಗಾಗಿ ಮಾಲೀಕರ ಸಂಕಟಗಳನ್ನು ಹತ್ತಿರದಿಂದ ಕಂಡಿದ್ದೇನೆ. ನಷ್ಟದ ಘಟಕ ಮುಚ್ಚಬೇಕೇ, ಬಾಕಿ ತೀರಿಸದ ಹಳೆಯ ಗಿರಾಕಿಗೆ ಮತ್ತೆ ಸಾಲಕ್ಕೆ ಮಾಲು ಕೊಡಬೇಕೇ, ವ್ಯವಹಾರವನ್ನು ಮಗಳ ಕೈಗೆ ಒಪ್ಪಿಸಬೇಕೇ? ಇಂಥ ಪ್ರಶ್ನೆ ಎದುರಾದಾಗ ಹೆಚ್ಚಿನವರು ಹೇಳುವ ಮಾತು ಒಂದೇ: "ಇನ್ನೊಂದು ತಿಂಗಳು ನೋಡೋಣ ಸಾರ್." ತಿಂಗಳು ಕಳೆಯುತ್ತದೆ. ಬ್ಯಾಂಕಿನ ಬಡ್ಡಿ ಓಡುತ್ತಲೇ ಇರುತ್ತದೆ. ನುರಿತ ಕೆಲಸಗಾರರು ಮಾಲೀಕರ ಮುಖ ನೋಡಿಯೇ ಪರಿಸ್ಥಿತಿ ಅರಿತು ಬೇರೆ ಕಡೆ ಸೇರಿಕೊಳ್ಳುತ್ತಾರೆ. ಮುಂದೂಡಿದವರು ಏನನ್ನೂ ನಿರ್ಧರಿಸಿಲ್ಲವೆಂದುಕೊಂಡಿರುತ್ತಾರೆ. ಅಷ್ಟರಲ್ಲಿ ಕಾಲವೇ ನಿರ್ಧರಿಸಿಬಿಟ್ಟಿರುತ್ತದೆ.

ಇವರಿಗೆ ಮಾಹಿತಿ ಸಾಲದೇ? ಲೆಕ್ಕದ ಪುಸ್ತಕ ಎದುರಿಗೇ ಇರುತ್ತದೆ. ಧೈರ್ಯ ಸಾಲದೇ? ಮನೆ ಅಡವಿಟ್ಟು ಕಾರ್ಖಾನೆ ಕಟ್ಟಿದವರನ್ನು ಅಂಜುಬುರುಕರೆನ್ನಲು ನನಗೆ ಬಾಯಿ ಬಾರದು. ಹಾಗಾದರೆ ಅವರನ್ನು ತಡೆಯುವುದೇನು?

ಈ ಪ್ರಶ್ನೆ ಕಾಡಿದಾಗಲೆಲ್ಲ ಎಂಟಿಆರ್ ಚರಿತ್ರೆ ನೆನಪಾಗುತ್ತದೆ. ಅದು ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಹೋಟೆಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಅವರು ರವೆಯಲ್ಲೇ ಇಡ್ಲಿ ಮಾಡಿ ಬಡಿಸಿದರು. ಮುಂದೆ ತುರ್ತು ಪರಿಸ್ಥಿತಿಯ ದಿನಗಳಲ್ಲಿ ಸರ್ಕಾರ ತಿಂಡಿಗಳ ಬೆಲೆಗೆ ಮಿತಿ ಹಾಕಿತು. ಆ ದರದಲ್ಲಿ ಅದೇ ರುಚಿ, ಅದೇ ಶುಚಿ ಕೊಡಲು ಗಿಟ್ಟುತ್ತಿರಲಿಲ್ಲ. ಸಾಮಗ್ರಿಯಲ್ಲಿ ಕೈ ಬಿಗಿಹಿಡಿದು ಹೇಗೋ ದಿನ ದೂಡಬಹುದಿತ್ತು. ಮಯ್ಯರ ಮನೆತನ ಹಾಗೆ ಮಾಡದೆ ಹೋಟೆಲಿನ ಬಾಗಿಲು ಮುಚ್ಚಿ, ಮಸಾಲೆ ಪುಡಿ ಮತ್ತು ದಿಢೀರ್ ತಿಂಡಿಯ ಪೊಟ್ಟಣಗಳ ಕಡೆ ಹೊರಳಿತು. ಎಂಬತ್ತರ ದಶಕದಲ್ಲಿ ಹೋಟೆಲು ಮತ್ತೆ ತೆರೆಯಿತು. ಪೊಟ್ಟಣದ ವ್ಯಾಪಾರ 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆ ಕೊಂಡುಕೊಳ್ಳುವಷ್ಟು ಬೆಳೆದಿತ್ತು.

ಗುಣಮಟ್ಟ ಬಿಡಬಾರದ್ದು, ಹೋಟೆಲು ಬಿಡಬಹುದಾದದ್ದು. ಈ ಎರಡನ್ನೂ ಬೇರೆಬೇರೆಯಾಗಿ ಕಾಣಬಲ್ಲವರಿಗೆ ದಾರಿ ಬೇಗ ತೋಚುತ್ತದೆ. ನಾನು ಕಂಡ ಮಾಲೀಕರಲ್ಲಿ ಹಲವರಿಗೆ ಇವೆರಡೂ ಹೆಣೆದುಕೊಂಡುಬಿಟ್ಟಿವೆ. ಅಪ್ಪ ಕಟ್ಟಿಸಿದ ಷೆಡ್ಡು, ಮೊದಲು ಕೊಂಡ ಯಂತ್ರ, ಬೋರ್ಡಿನ ಮೇಲಿನ ಹೆಸರು, ಎಲ್ಲವೂ ಜೀವದಷ್ಟೇ ಆಪ್ತ. ಎಲ್ಲವನ್ನೂ ಉಳಿಸಿಕೊಳ್ಳುವ ಹಂಬಲದಲ್ಲಿ ಯಾವುದನ್ನೂ ನಿರ್ಧರಿಸಲಾಗುವುದಿಲ್ಲ.

ದೊಡ್ಡವರೂ ಇದಕ್ಕೆ ಹೊರತಲ್ಲ. ಮೆಮೊರಿ ಚಿಪ್ಪುಗಳಿಂದಲೇ ಹೆಸರು ಮಾಡಿದ ಅಮೆರಿಕದ ಇಂಟೆಲ್ ಎಂಬತ್ತರ ದಶಕದಲ್ಲಿ ಜಪಾನಿ ಕಂಪನಿಗಳ ಪೈಪೋಟಿಗೆ ಸಿಕ್ಕಿ ವರ್ಷದಷ್ಟು ಕಾಲ ತೊಳಲಾಡಿತು. 1985ರಲ್ಲಿ ಕಂಪನಿಯ ಮುಖ್ಯಸ್ಥರಲ್ಲೊಬ್ಬರಾದ ಆಂಡಿ ಗ್ರೋವ್ ತಮ್ಮ ಹಿರಿಯ ಸಹೋದ್ಯೋಗಿ ಗಾರ್ಡನ್ ಮೂರ್ ಅವರನ್ನು ಕೇಳಿದರು: ನಮ್ಮನ್ನು ಹೊರಗೆ ಹಾಕಿ ಹೊಸ ಮುಖ್ಯಸ್ಥನನ್ನು ತಂದರೆ ಅವನೇನು ಮಾಡಿಯಾನು? ಮೆಮೊರಿ ವ್ಯವಹಾರ ಬಿಟ್ಟುಬಿಡುತ್ತಾನೆ ಎಂದರು ಮೂರ್. ಹಾಗಿದ್ದರೆ ಆ ಕೆಲಸವನ್ನು ನಾವೇ ಏಕೆ ಮಾಡಬಾರದು ಎಂಬ ಪ್ರಶ್ನೆಯಿಂದ ಇಂಟೆಲ್ ಮೈಕ್ರೊಪ್ರೊಸೆಸರ್‌ಗಳತ್ತ ಹೊರಳಿತು. ಹೊಸಬನಿಗೆ ಹಳೆಯ ಮಮಕಾರ ಇರುವುದಿಲ್ಲ. ಉತ್ತರ ಇಬ್ಬರಿಗೂ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಹೊಸಬನ ಕಣ್ಣು ಬೇಕಾಯಿತು.

ಹಾಗೆಂದು ಅವಸರವನ್ನು ನಾನು ಹೊಗಳುತ್ತಿಲ್ಲ. ಇಂಟೆಲ್‌ನ ಆ ತೀರ್ಮಾನದಿಂದ ಘಟಕಗಳು ಮುಚ್ಚಿದವು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಗಟ್ಟಿ ನಿರ್ಧಾರದ ಬೆಲೆಯನ್ನು ಎಷ್ಟೋ ಸಲ ಅದನ್ನು ಕೈಗೊಳ್ಳದವರು ತೆರುತ್ತಾರೆ. ಅವರಿಗೆ ಮೊದಲೇ ನಿಜ ಹೇಳುವುದು, ಬರಬೇಕಾದ ಹಣ ಚುಕ್ತಾ ಮಾಡುವುದು, ಬೇರೆ ಕೆಲಸ ಹುಡುಕಲು ಕಾಲಾವಕಾಶ ಕೊಡುವುದು ಸಹ ನಿರ್ಧಾರದ ಭಾಗವೇ. ಮುಂದೂಡುತ್ತಾ ಹೋದವನ ಕೈಯಲ್ಲಿ ಕೊನೆಗೆ ಅದಕ್ಕೂ ದುಡ್ಡು ಉಳಿದಿರುವುದಿಲ್ಲ.

ಉದ್ದಿಮೆ ನಡೆಸುವವರಲ್ಲಿ ನನ್ನದೊಂದು ವಿನಂತಿ. ವ್ಯಾಪಾರ ಚೆನ್ನಾಗಿರುವಾಗಲೇ, ಮನಸ್ಸು ತಿಳಿಯಾಗಿರುವಾಗಲೇ, ಏನು ಹೋದರೂ ಬಿಡಲಾರೆ ಎನ್ನುವುದನ್ನು ಬರೆದಿಡಿ. ಎಷ್ಟು ನಷ್ಟದವರೆಗೆ, ಯಾವ ದಿನದವರೆಗೆ ಕಾಯುತ್ತೀರಿ ಎಂಬುದನ್ನೂ ಬರೆಯಿರಿ. ಮನೆಯವರಿಗೆ, ಜೊತೆಗೆ ದುಡಿಯುವವರಿಗೆ ಅದನ್ನು ತೋರಿಸಿ. ಆ ದಿನ ಬಂದಾಗ ಮತ್ತೊಂದು ತಿಂಗಳು ಕೇಳಬೇಡಿ.